ಎಳೆಯ ಕೈಗೆ ದೊರೆತ ವಿಶ್ವವಿಜಯ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ನುಡಿಯನ್ನು ಕೇಳದ ಕನ್ನಡಿಗರಿಲ್ಲ. ಬಾಲಕನೊಬ್ಬನು ಓಟದಲ್ಲಿಯೋ ಹಾಡಿನಲ್ಲಿಯೋ ಗಣಿತದಲ್ಲಿಯೋ ವಯಸ್ಸಿಗೆ ಮೀರಿದ ಸಾಮರ್ಥ್ಯವನ್ನು ತೋರಿದಾಗ ಹಿರಿಯರು ಈ ಮಾತನ್ನು ಹರ್ಷದಿಂದ ನೆನೆಯುತ್ತಾರೆ. ಆದರೆ ಮೊಳಕೆ ಕಂಡ ಮಾತ್ರಕ್ಕೆ ಒಕ್ಕಲಿಗನ ಹೊಣೆ ತೀರುವುದಿಲ್ಲ. ನಿಜ ನೋಡಿದರೆ ಅಲ್ಲಿಂದಲೇ ಅದು ಆರಂಭವಾಗುತ್ತದೆ. ಸಸಿಗೆ ನೀರೆರೆಯಬೇಕು, ಕಳೆ ತೆಗೆಯಬೇಕು, ಬೇಲಿ ಕಟ್ಟಬೇಕು. ಪ್ರತಿಭೆಯ ವಿಷಯದಲ್ಲಿ ಈ ಬೇಲಿ ಯಾವುದು, ಅದನ್ನು ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಸ್ನೂಕರ್ ಎಂಬ ಆಟದ ಇತ್ತೀಚಿನ ಇತಿಹಾಸವು ವಿಚಾರಯೋಗ್ಯವಾದ ಉತ್ತರವನ್ನು ಒದಗಿಸುತ್ತದೆ. ಈ ಇತಿಹಾಸದಲ್ಲಿ ಬೆಂಗಳೂರಿನ ತರುಣನೊಬ್ಬನು ಚೀನಾ ದೇಶಕ್ಕೆ ಹೋಗಿ ವಿಶ್ವವಿಜೇತನಾದನು. ಹನ್ನೊಂದು ವರ್ಷಗಳ ತರುವಾಯ ಚೀನಾದ ಬಾಲಕನೊಬ್ಬನು ಬೆಂಗಳೂರಿಗೆ ಬಂದು ಅದೇ ಪಟ್ಟವನ್ನು ಗೆದ್ದನು. ಒಂದೇ ಬಾಗಿಲಿನಿಂದ ಹೊರಟ ಈ ಇಬ್ಬರೂ ಮುಂದೆ ತಲುಪಿದ ತಾಣಗಳು ಮಾತ್ರ ಬೇರೆ ಬೇರೆ.

ಬೆಲ್ಲದ ಬಾಗೇವಾಡಿಯ ಸುತ್ತಲಿನ ಸೀಮೆಗೆ ಕುಸ್ತಿ, ಕಬಡ್ಡಿ, ಖೋ ಖೋ ಆಟಗಳು ಚಿರಪರಿಚಿತ. ಸ್ನೂಕರ್ ಹಾಗಲ್ಲ. ಆದ್ದರಿಂದ ಮೊದಲು ಆಟದ ಸ್ವರೂಪವನ್ನು ಅರಿಯುವುದು ಉಚಿತ. ಮನೆಮನೆಯಲ್ಲಿರುವ ಕೇರಂ ಹಲಗೆಯನ್ನು ಕಣ್ಣ ಮುಂದೆ ತಂದುಕೊಂಡರೆ ಅದನ್ನು ತಿಳಿಯುವುದು ಸುಲಭ. ಹಲಗೆಯ ಬದಲಿಗೆ ಸುಮಾರು 12 ಅಡಿ ಉದ್ದ, 6 ಅಡಿ ಅಗಲದ, ಹಸಿರು ಉಣ್ಣೆಯ ಬಟ್ಟೆ ಹೊದಿಸಿದ ಮೇಜು. ನಾಲ್ಕು ಮೂಲೆಗಳಲ್ಲಿ ನಾಲ್ಕು, ಉದ್ದದ ಬದಿಗಳ ನಡುವೆ ಎರಡು, ಹೀಗೆ ಆರು ಕುಳಿಗಳು. ಬೆರಳಿನ ಬದಲಿಗೆ ಕ್ಯೂ ಎಂಬ ನೀಳವಾದ ಕೋಲು. ಕೇರಂನ ಸ್ಟ್ರೈಕರ್ ಇರುವ ಸ್ಥಾನದಲ್ಲಿ ಒಂದು ಬಿಳಿಯ ಚೆಂಡು. ಮೇಜಿನ ಮೇಲೆ 15 ಕೆಂಪು ಚೆಂಡುಗಳೂ ಆರು ಬಣ್ಣದ ಚೆಂಡುಗಳೂ ಇರುತ್ತವೆ. ಕೆಂಪಿಗೆ ಒಂದು ಅಂಕ. ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕಪ್ಪಿಗೆ 7. ಒಂದು ಕೆಂಪು ಚೆಂಡನ್ನು ಕುಳಿಗೆ ತಳ್ಳಿದ ಬಳಿಕವೇ ಒಂದು ಬಣ್ಣದ ಚೆಂಡನ್ನು ತಳ್ಳುವ ಅಧಿಕಾರ ಬರುತ್ತದೆ. ಪ್ರತಿ ಕೆಂಪಿನ ಹಿಂದೆಯೂ ಕಪ್ಪನ್ನೇ ತಳ್ಳುತ್ತ, ಕೊನೆಗೆ ಆರು ಬಣ್ಣಗಳನ್ನೂ ಕ್ರಮವಾಗಿ ಮುಗಿಸಿದವನಿಗೆ ಒಂದೇ ಸರದಿಯಲ್ಲಿ 147 ಅಂಕ ಲಭಿಸುತ್ತದೆ. ಚೆಂಡನ್ನು ಕುಳಿಗೆ ತಳ್ಳುವುದು ಈ ಕಲೆಯ ಅರ್ಧಭಾಗವಷ್ಟೆ. ತಳ್ಳಿದ ನಂತರ ಬಿಳಿಯ ಚೆಂಡು ಮುಂದಿನ ಹೊಡೆತಕ್ಕೆ ಅನುಕೂಲವಾದ ಸ್ಥಳದಲ್ಲಿಯೇ ಬಂದು ನಿಲ್ಲುವಂತೆ ಮಾಡುವುದು ಉಳಿದ ಅರ್ಧ, ಕಠಿಣವಾದುದೂ ಅದೇ.

ಈ ಆಟವು ಹುಟ್ಟಿದ್ದು ಭಾರತದ ನೆಲದಲ್ಲಿ. 1875ರಲ್ಲಿ ಜಬಲ್ಪುರದ ಸೇನಾಶಿಬಿರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ಆಂಗ್ಲ ಸೇನಾಧಿಕಾರಿಯು ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ರೂಪಿಸಿದನೆಂದೂ, ಮುಂದೆ ಊಟಿಯ ಕ್ಲಬ್ಬಿನಲ್ಲಿ ಇದರ ನಿಯಮಗಳು ಲಿಖಿತರೂಪವನ್ನು ಪಡೆದವೆಂದೂ ಆಟದ ಚರಿತ್ರೆ ಹೇಳುತ್ತದೆ. ‘ಸ್ನೂಕರ್’ ಎಂಬುದು ಆ ಕಾಲದ ಸೈನಿಕ ವಿದ್ಯಾಲಯದಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಯನ್ನು ಗೇಲಿಮಾಡುವ ಪದವಾಗಿತ್ತು. ಅನನುಭವಿ ವಿದ್ಯಾರ್ಥಿಯ ಹೆಸರೇ ಆಟದ ಹೆಸರಾದುದು ಈ ಲೇಖನದ ವಿಷಯಕ್ಕೆ ಸಹಜವಾಗಿಯೇ ಹೊಂದಿಕೊಳ್ಳುತ್ತದೆ. ಇದಕ್ಕಿಂತ ಹಳೆಯದಾದ ಬಿಲಿಯರ್ಡ್ಸ್ ಆಟವನ್ನು ಅದೇ ಅಳತೆಯ ಮೇಜಿನ ಮೇಲೆ ಕೇವಲ ಮೂರು ಚೆಂಡುಗಳಿಂದ ಆಡುತ್ತಾರೆ. ಭಾರತಕ್ಕೆ ಯಾವುದೇ ಕ್ರೀಡೆಯಲ್ಲಿ ಮೊಟ್ಟಮೊದಲ ವೈಯಕ್ತಿಕ ವಿಶ್ವಪಟ್ಟವನ್ನು ತಂದುಕೊಟ್ಟ ವಿಲ್ಸನ್ ಜೋನ್ಸ್ ಅವರು 1958ರಲ್ಲಿ ಕಲ್ಕತ್ತೆಯಲ್ಲಿ ಗೆದ್ದದ್ದು ಬಿಲಿಯರ್ಡ್ಸ್‌ನಲ್ಲಿ. ಅನಂತರ ಮೈಕೆಲ್ ಫೆರೇರಾ, ಗೀತ್ ಸೇಠಿ ಮೊದಲಾದವರು ಆ ಪರಂಪರೆಯನ್ನು ಮುಂದುವರಿಸಿದರು. ಸ್ನೂಕರ್‌ನಲ್ಲಿ ಮಾತ್ರ 1984ರಲ್ಲಿ ಡಬ್ಲಿನ್ ನಗರದಲ್ಲಿ ಓಂ ಅಗರವಾಲ್ ಅವರು ಹವ್ಯಾಸಿಗಳ ವಿಶ್ವಪಟ್ಟವನ್ನು ಗಳಿಸಿದ ಮೇಲೆ ಭಾರತವು ಎರಡನೆಯ ಜಯಕ್ಕಾಗಿ 19 ವರ್ಷ ಕಾಯಬೇಕಾಯಿತು.

ಆ ಎರಡನೆಯ ಜಯವನ್ನು ತಂದವರು ಪಂಕಜ್ ಅಡ್ವಾಣಿ. 1985ರ ಜುಲೈ 24ರಂದು ಪುಣೆಯಲ್ಲಿ ಜನಿಸಿ, ಬಾಲ್ಯದ ಮೊದಲ ಕೆಲವು ವರ್ಷಗಳನ್ನು ಕುವೈತಿನಲ್ಲಿ ಕಳೆದ ಇವರು ಬೆಳೆದದ್ದು ಬೆಂಗಳೂರಿನಲ್ಲಿ. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬಾಲಕನನ್ನೂ ಅವನ ಅಣ್ಣನನ್ನೂ ಸಾಕಿ ಬೆಳೆಸಿದ ಭಾರವು ತಾಯಿಯ ಹೆಗಲಿಗೆ ಬಂದಿತು. ಹತ್ತರ ವಯಸ್ಸಿನಲ್ಲಿ ಅಣ್ಣ ಶ್ರೀ ಅಡ್ವಾಣಿಯವರ ಬೆನ್ನು ಹಿಡಿದು ಸ್ನೂಕರ್ ಮೇಜಿನ ಬಳಿಗೆ ಹೋದ ಪಂಕಜ್, ಆಟದಲ್ಲಿ ತನ್ಮಯರಾದರು. ಮಾಜಿ ರಾಷ್ಟ್ರೀಯ ಸ್ನೂಕರ್ ವಿಜೇತರಾದ ಅರವಿಂದ ಸವೂರ್ ಅವರು ಗುರುವಾಗಿ ದೊರೆತರು. ನೆಲದಿಂದ ಸುಮಾರು 86 ಸೆಂಟಿಮೀಟರ್ ಎತ್ತರವಿರುವ, ಅಷ್ಟು ವಿಶಾಲವಾದ ಮೇಜಿನ ಮೇಲೆ ಬಾಗಿ ಹೊಡೆಯುವುದು ಹತ್ತು ವರ್ಷದ ಹುಡುಗನಿಗೆ ಸುಲಭಸಾಧ್ಯವಲ್ಲ. ಬಾಲಕನ ಎತ್ತರ ಸಾಲದೆಂಬ ಸಂದೇಹ ಮೊದಲಿಗೆ ಗುರುವಿಗೂ ಇತ್ತು. ಶ್ರದ್ಧೆಯನ್ನು ಕಂಡ ಮೇಲೆ ಆ ಸಂದೇಹ ಅಳಿಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಪಂಕಜ್ ಮೊದಲ ಪ್ರಶಸ್ತಿಯನ್ನು ಗೆದ್ದರು. 2000ದಲ್ಲಿ ರಾಷ್ಟ್ರೀಯ ಕಿರಿಯರ ಬಿಲಿಯರ್ಡ್ಸ್ ಪಟ್ಟ ಅವರದಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಿಲಿಯರ್ಡ್ಸ್ ಕೊಠಡಿ ಎಂದರೆ ಸೋಮಾರಿಗಳ ತಾಣ, ಪಣ ಕಟ್ಟುವವರ ಕೂಟ ಎಂಬ ಭಾವನೆ ಅಂದಿನ ಗೃಹಸ್ಥರಲ್ಲಿ ವ್ಯಾಪಕವಾಗಿತ್ತು. ಅಂಥ ಸ್ಥಳಕ್ಕೆ ಶಾಲಾಬಾಲಕನನ್ನು ಕಳುಹಿಸುವುದು ಧೈರ್ಯದ ಮಾತೇ ಸರಿ. ಆದರೆ ಈ ಧೈರ್ಯವು ಕುರುಡಾಗಿರಲಿಲ್ಲ. ಮಗನು ಹೋದ ಕಡೆ ಅಣ್ಣನಿದ್ದನು, ಗುರುವಿದ್ದರು, ಓದು ನಿಲ್ಲಲಿಲ್ಲ. ಬೆಂಗಳೂರಿನ ಫ್ರಾಂಕ್ ಅಂತೋನಿ ಪಬ್ಲಿಕ್ ಶಾಲೆಯಲ್ಲಿ ವ್ಯಾಸಂಗ ಮಾಡಿದ ಪಂಕಜ್, ಮುಂದೆ ಶ್ರೀ ಭಗವಾನ್ ಮಹಾವೀರ ಜೈನ್ ಕಾಲೇಜಿನಿಂದ ವಾಣಿಜ್ಯ ಪದವಿಯನ್ನೂ ಪಡೆದರು. ಅಣ್ಣನು ಕ್ರೀಡಾ ಮನೋವಿಜ್ಞಾನದಲ್ಲಿ ಪರಿಣತನಾಗಿ ತಮ್ಮನ ಮನೋಬಲಕ್ಕೆ ಆಸರೆಯಾದುದು ಈ ಕುಟುಂಬದ ಇನ್ನೊಂದು ವೈಶಿಷ್ಟ್ಯ.

2003ರಲ್ಲಿ ಚೀನಾದ ಜಿಯಾಂಗ್‌ಮೆನ್ ನಗರದಲ್ಲಿ ಅಂತಾರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟದ ವಿಶ್ವ ಸ್ಪರ್ಧೆ ನಡೆಯಿತು. ಹದಿನೆಂಟು ವರ್ಷದ ಪಂಕಜ್ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಸಾಲೆಹ್ ಮೊಹಮ್ಮದ್ ಅವರನ್ನು ಸೋಲಿಸಿ ವಿಶ್ವವಿಜೇತರಾದರು. ಎರಡು ವರ್ಷಗಳ ಅನಂತರ, 2005ರಲ್ಲಿ, ಮಾಲ್ಟಾ ದ್ವೀಪದಲ್ಲಿ ನಡೆದ ವಿಶ್ವ ಬಿಲಿಯರ್ಡ್ಸ್ ಸ್ಪರ್ಧೆಯಲ್ಲಿ ಅಂಕಗಳ ಮಾದರಿ ಮತ್ತು ಕಾಲಮಿತಿಯ ಮಾದರಿ ಎರಡರಲ್ಲಿಯೂ ಜಯಗಳಿಸಿದರು. ಹವ್ಯಾಸಿಗಳ ವಿಶ್ವಪಟ್ಟವನ್ನು ಸ್ನೂಕರ್ ಮತ್ತು ಬಿಲಿಯರ್ಡ್ಸ್ ಎರಡರಲ್ಲಿಯೂ ಗೆದ್ದವರು ಅದಕ್ಕೆ ಮೊದಲು ಮಾಲ್ಟಾದ ಪಾಲ್ ಮಿಫ್ಸುಡ್ ಒಬ್ಬರೇ. 2004ರಲ್ಲಿ ಅರ್ಜುನ ಪ್ರಶಸ್ತಿ, 2006ರಲ್ಲಿ ಅಂದಿನ ರಾಜೀವ್ ಗಾಂಧಿ ಖೇಲ್ ರತ್ನ, 2006 ಹಾಗೂ 2010ರ ಏಷ್ಯಾಡ್‌ಗಳಲ್ಲಿ ಬಿಲಿಯರ್ಡ್ಸ್ ಸ್ವರ್ಣಪದಕಗಳು, 2009ರಲ್ಲಿ ಪದ್ಮಶ್ರೀ: ಇವು ಒಂದರ ಹಿಂದೊಂದರಂತೆ ಬಂದವು.

ಈಗ ದೃಷ್ಟಿಯನ್ನು ಚೀನಾದ ಕಡೆಗೆ ಹೊರಳಿಸೋಣ. 2005ರಲ್ಲಿ ಬೀಜಿಂಗಿನಲ್ಲಿ ಡಿಂಗ್ ಜುನ್‌ಹುಯಿ ಎಂಬ ಹದಿನೆಂಟರ ತರುಣನು ಸ್ಕಾಟ್ಲೆಂಡಿನ ಮಹಾನ್ ಆಟಗಾರ ಸ್ಟೀಫನ್ ಹೆಂಡ್ರಿಯನ್ನು ಮಣಿಸಿ ಚೀನಾ ಓಪನ್ ಪ್ರಶಸ್ತಿಯನ್ನು ಗೆದ್ದ ಬಳಿಕ ಆ ದೇಶದಲ್ಲಿ ಸ್ನೂಕರ್ ಅಲೆಯೇ ಎದ್ದಿತು. ಊರೂರುಗಳಲ್ಲಿ ಅಭ್ಯಾಸ ಕೇಂದ್ರಗಳು ತಲೆಯೆತ್ತಿದವು. ಎಳೆಯ ಮಕ್ಕಳು ದಿನಕ್ಕೆ ಹಲವಾರು ಗಂಟೆ ಮೇಜಿನ ಮುಂದೆ ನಿಲ್ಲತೊಡಗಿದರು. ಆ ಅಲೆಯಲ್ಲಿ ಮೇಲೆದ್ದವನೇ ಶಾಂಡೊಂಗ್ ಪ್ರಾಂತದ ಯಾನ್ ಬಿಂಗ್‌ಟಾವೊ. 2000ದ ಫೆಬ್ರವರಿ 16ರಂದು ಹುಟ್ಟಿದ ಈ ಬಾಲಕನು 2014ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವ ಸ್ಪರ್ಧೆಗೆ ಬಂದಾಗ ಅವನಿಗೆ ಹದಿನಾಲ್ಕು ವರ್ಷ. ನಮ್ಮಲ್ಲಾದರೆ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಇರಬೇಕಾದ ವಯಸ್ಸು. ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಅನುಭವಿ ಆಟಗಾರ ಮುಹಮ್ಮದ್ ಸಜ್ಜಾದ್ ಅವರೊಡನೆ ಏಳು ಏಳು ಫ್ರೇಮುಗಳ ಸಮಬಲವಾಗಿ, ಕೊನೆಯ ಫ್ರೇಮಿನಲ್ಲಿ 8-7ರಿಂದ ಯಾನ್ ಜಯಶಾಲಿಯಾದನು. ಆ ಪಟ್ಟವನ್ನು ಗಳಿಸಿದವರಲ್ಲಿ ಅತಿ ಕಿರಿಯನೆಂಬ ಕೀರ್ತಿ ಅವನದಾಯಿತು.

ಮುಂದಿನ ಏರಿಕೆಯೂ ವೇಗವಾಗಿಯೇ ನಡೆಯಿತು. 2015ರಲ್ಲಿ ವೂಶಿ ನಗರದ ವಿಶ್ವಕಪ್ಪಿನಲ್ಲಿ ಝೌ ಯುಲಾಂಗ್ ಎಂಬ ಇನ್ನೊಬ್ಬ ಕಿಶೋರನೊಡನೆ ಚೀನಾದ ಎರಡನೆಯ ತಂಡವಾಗಿ ಆಡಿ, ಸ್ಕಾಟ್ಲೆಂಡ್ ತಂಡವನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿದನು. 2016ರಲ್ಲಿ ವೃತ್ತಿಪರ ಆಟಗಾರನಾದನು. 2017ರಲ್ಲಿ ನಾರ್ದರ್ನ್ ಐರ್ಲೆಂಡ್ ಓಪನ್ ಅಂತಿಮ ಪಂದ್ಯದಲ್ಲಿ ಮಾರ್ಕ್ ವಿಲಿಯಮ್ಸ್ ಅವರೆದುರು 8-9ರಿಂದ, ಒಂದೇ ಫ್ರೇಮಿನ ಅಂತರದಲ್ಲಿ, ಪರಾಜಿತನಾದನು. 2019ರಲ್ಲಿ ರೀಗಾ ಮಾಸ್ಟರ್ಸ್ ಗೆದ್ದನು. 2021ರ ಜನವರಿಯಲ್ಲಿ, ಆಹ್ವಾನಿತ ಶ್ರೇಷ್ಠರಿಗೆ ಮಾತ್ರ ಮೀಸಲಾದ ಮಾಸ್ಟರ್ಸ್ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಆಡಿ, ನಾಲ್ಕು ಬಾರಿಯ ವಿಶ್ವವಿಜೇತ ಜಾನ್ ಹಿಗಿನ್ಸ್ ಅವರನ್ನು 10-8ರಿಂದ ಸೋಲಿಸಿ ಪ್ರಶಸ್ತಿಯನ್ನು ಎತ್ತಿದಾಗ ಅವನಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.

ಇಲ್ಲಿಗೆ ಕಥೆ ನಿಂತಿದ್ದರೆ ಅದು ಕೇವಲ ಯಶೋಗಾಥೆಯಾಗುತ್ತಿತ್ತು. ಆದರೆ 2022ರ ಅಕ್ಟೋಬರಿನಿಂದ 2023ರ ಜನವರಿಯವರೆಗಿನ ತಿಂಗಳುಗಳಲ್ಲಿ ವಿಶ್ವ ವೃತ್ತಿಪರ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಸಂಘವು ಪಂದ್ಯಗಳ ಮೋಸದಾಟಕ್ಕೆ ಸಂಬಂಧಿಸಿದ ತನಿಖೆಯಲ್ಲಿ ಚೀನಾದ ಹತ್ತು ಮಂದಿ ಆಟಗಾರರನ್ನು ಅಮಾನತುಗೊಳಿಸಿತು. 2023ರ ಜೂನ್ ತಿಂಗಳಲ್ಲಿ ಸ್ವತಂತ್ರ ಶಿಸ್ತು ಆಯೋಗದ ತೀರ್ಪು ಹೊರಬಿದ್ದಿತು. ಹಿರಿಯ ಆಟಗಾರರಾದ ಲಿಯಾಂಗ್ ವೆನ್‌ಬೊ ಮತ್ತು ಲಿ ಹಾಂಗ್ ಅವರಿಗೆ ಆಜೀವ ನಿಷೇಧವಾಯಿತು. ತಪ್ಪೊಪ್ಪಿಕೊಂಡ ಕಾರಣ ಶಿಕ್ಷೆಯಲ್ಲಿ ರಿಯಾಯತಿ ದೊರೆತರೂ ಯಾನ್ ಬಿಂಗ್‌ಟಾವೊಗೆ ಐದು ವರ್ಷಗಳ ನಿಷೇಧವಾಯಿತು. ಇಬ್ಬರು ಹಿರಿಯರ ಒತ್ತಡಕ್ಕೆ ಪ್ರತಿಭಾವಂತ ಕಿರಿಯರು ಸಿಲುಕಿದ ಬಗೆಗೆ ಸಂಘದ ಅಧ್ಯಕ್ಷರೇ ವಿಷಾದ ವ್ಯಕ್ತಪಡಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಗಾದೆಯ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಮಾರ್ಗದರ್ಶಕರಾಗಬೇಕಾಗಿದ್ದ ಹಿರಿಯರೇ ದಾರಿ ತಪ್ಪಿಸುವವರಾದರು.

ತಪ್ಪಿಗೆ ಕ್ಷಮೆ ಬೇರೆ, ಕಾರಣವನ್ನು ಅರಿಯುವುದು ಬೇರೆ. ವೃತ್ತಿಪರ ಸ್ನೂಕರಿನ ವ್ಯವಸ್ಥೆಯನ್ನು ನೋಡಿದರೆ ಎಳೆಯ ಆಟಗಾರನ ಇಕ್ಕಟ್ಟು ತಿಳಿಯುತ್ತದೆ. ಸುಮಾರು 130 ಮಂದಿ ಮಾತ್ರ ಈ ವಲಯದಲ್ಲಿರುತ್ತಾರೆ. ಹೊಸಬನಿಗೆ ಎರಡು ವರ್ಷಗಳ ಅವಕಾಶ. ಅಷ್ಟರೊಳಗೆ ಮೊದಲ 64ರಲ್ಲಿ ಸ್ಥಾನ ಪಡೆಯದಿದ್ದರೆ ಆ ಅವಕಾಶವನ್ನು ಮತ್ತೆ ಹೊಸದಾಗಿ ಗಳಿಸಬೇಕು. ಸ್ಥಾನವನ್ನು ನಿರ್ಧರಿಸುವುದು ಗೆದ್ದ ಬಹುಮಾನದ ಮೊತ್ತ. ಸಂಬಳವೆಂಬುದು ಇಲ್ಲ, ಆ ವರ್ಷಗಳಲ್ಲಿ ಹಲವು ಸ್ಪರ್ಧೆಗಳ ಮೊದಲ ಸುತ್ತಿನಲ್ಲಿ ಸೋತವನಿಗೆ ಒಂದು ಕಾಸೂ ಸಿಗುತ್ತಿರಲಿಲ್ಲ. ಪ್ರಯಾಣ, ವಸತಿ, ಊಟಗಳ ವೆಚ್ಚವೆಲ್ಲ ಆಟಗಾರನದೇ. ಸ್ಪರ್ಧೆಗಳಲ್ಲಿ ಹೆಚ್ಚಿನವು ಬ್ರಿಟನ್ನಿನಲ್ಲಿ ನಡೆಯುವುದರಿಂದ ಚೀನಾದ ತರುಣರು ತಂದೆತಾಯಿಗಳನ್ನು ಬಿಟ್ಟು, ಭಾಷೆ ತಿಳಿಯದ ನಾಡಿನಲ್ಲಿ, ಶೆಫೀಲ್ಡ್ ಮುಂತಾದ ನಗರಗಳಲ್ಲಿ ಒಟ್ಟಾಗಿ ನೆಲೆಸುತ್ತಿದ್ದರು. ಅಲ್ಲಿ ಅವರಿಗೆ ತಮ್ಮ ಭಾಷೆಯಾಡುವ ಹಿರಿಯ ಆಟಗಾರನೇ ಅಣ್ಣ, ಅವನೇ ಗುರು, ಅವನೇ ಬಂಧು. ಆ ಅಣ್ಣನು ಕೆಟ್ಟವನಾದರೆ ‘ಒಲ್ಲೆ’ ಎನ್ನಲು ಬೇಕಾದ ಬಲವನ್ನು ಎಳೆಯ ಮನಸ್ಸು ಎಲ್ಲಿಂದ ತರಬೇಕು?

ಪಂಕಜ್ ಅಡ್ವಾಣಿಯವರೂ ಈ ವಲಯವನ್ನು ಪ್ರವೇಶಿಸಿದ್ದರು. 2012ರಲ್ಲಿ ವೃತ್ತಿಪರ ಸ್ನೂಕರಿಗೆ ಸೇರಿ, 2013ರ ವೆಲ್ಷ್ ಓಪನ್ ಸ್ಪರ್ಧೆಯಲ್ಲಿ ಮಾಜಿ ವಿಶ್ವವಿಜೇತ ಶಾನ್ ಮರ್ಫಿಯವರನ್ನು ಸೋಲಿಸಿ ಎಂಟರ ಘಟ್ಟವನ್ನು ತಲುಪಿದರು. ಆದರೆ ಆ ವಲಯದಲ್ಲಿ ಉಳಿಯಬೇಕೆಂದರೆ ವರ್ಷದ ಬಹುಭಾಗ ಇಂಗ್ಲೆಂಡಿನಲ್ಲಿ ಇರಬೇಕು, ಬಿಲಿಯರ್ಡ್ಸನ್ನು ಬಿಡಬೇಕು. 2014ರಲ್ಲಿ ಅವರು ಅದರಿಂದ ಹಿಂದೆ ಸರಿದು, ತಾಯ್ನಾಡಿಗೆ ಮರಳಿ, ಎರಡು ಆಟಗಳನ್ನೂ ಮುಂದುವರಿಸುವ ನಿರ್ಧಾರ ಕೈಗೊಂಡರು. ಹಣದ ದೃಷ್ಟಿಯಿಂದ ಇದು ನಷ್ಟವೆಂದು ತೋರಬಹುದು. ಆದರೆ ಹಿಂತಿರುಗಲು ಅವರಿಗೊಂದು ಮನೆಯಿತ್ತು, ಕೈಯಲ್ಲಿ ಇನ್ನೊಂದು ಆಟವಿತ್ತು, ಪದವಿಯಿತ್ತು, ಅಂತರಂಗವನ್ನು ತೋಡಿಕೊಳ್ಳಲು ಅಣ್ಣನಿದ್ದನು. ಒಂದು ಬಾಗಿಲು ಮುಚ್ಚಿದರೂ ಬದುಕು ಮುಚ್ಚದು ಎಂಬ ಭರವಸೆ ಇದ್ದವನು ಮಾತ್ರ ಹೀಗೆ ಸ್ವತಂತ್ರವಾಗಿ ಆಯ್ಕೆ ಮಾಡಬಲ್ಲನು. ಅದರ ಫಲವೂ ಕಣ್ಣ ಮುಂದಿದೆ. 2024ರ ನವೆಂಬರಿನಲ್ಲಿ ದೋಹಾ ನಗರದಲ್ಲಿ ಗೆದ್ದ ಬಿಲಿಯರ್ಡ್ಸ್ ಪಟ್ಟವು ಅವರ 28ನೆಯ ವಿಶ್ವಪಟ್ಟ. 2018ರಲ್ಲಿ ಪದ್ಮಭೂಷಣ ಗೌರವವೂ ಸಂದಿತು.

ಈ ಪ್ರಸಂಗದ ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2015ರಲ್ಲಿ ಈಜಿಪ್ಟಿನ ಹುರ್ಗಡಾದಲ್ಲಿ ಪಂಕಜ್ ತಮ್ಮ ಎರಡನೆಯ ವಿಶ್ವ ಸ್ನೂಕರ್ ಪಟ್ಟವನ್ನು ಗೆದ್ದಾಗ ಅಂತಿಮ ಪಂದ್ಯದಲ್ಲಿ 8-6ರಿಂದ ಸೋತವನು ಝಾವೊ ಶಿಂಟಾಂಗ್ ಎಂಬ ಹದಿನೆಂಟರ ಚೀನೀ ತರುಣ. 2023ರ ತೀರ್ಪಿನಲ್ಲಿ ಇವನ ಹೆಸರೂ ಇತ್ತು. ಇವನು ತಾನಾಗಿ ಯಾವ ಪಂದ್ಯವನ್ನೂ ಬೇಕೆಂದು ಸೋತಿರಲಿಲ್ಲ. ಆದರೆ ಇನ್ನೊಬ್ಬ ಆಟಗಾರನ ಮೋಸದಾಟದಲ್ಲಿ ಭಾಗಿಯಾದುದಕ್ಕೂ ಪಂದ್ಯಗಳ ಮೇಲೆ ಪಣ ಕಟ್ಟಿದುದಕ್ಕೂ 20 ತಿಂಗಳ ನಿಷೇಧಕ್ಕೆ ಒಳಗಾದನು. ಅವಧಿಯನ್ನು ಮುಗಿಸಿ, ಹವ್ಯಾಸಿಯಾಗಿ ಕೆಳಗಿನ ಮೆಟ್ಟಿಲಿನಿಂದಲೇ ಮತ್ತೆ ಹತ್ತತೊಡಗಿದನು. 2025ರಲ್ಲಿ ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದ ವಿಶ್ವ ಸ್ಪರ್ಧೆಗೆ ಅರ್ಹತಾ ಸುತ್ತುಗಳನ್ನು ದಾಟಿ ಬಂದು, ಮೇ 5ರಂದು ಮಾರ್ಕ್ ವಿಲಿಯಮ್ಸ್ ಅವರನ್ನು 18-12ರಿಂದ ಸೋಲಿಸಿ, ಆ ಪಟ್ಟವನ್ನೇರಿದ ಏಷ್ಯಾ ಖಂಡದ ಮೊದಲಿಗನಾದನು. ಬಿದ್ದವನು ಏಳಬಲ್ಲನು, ಶಿಕ್ಷೆಯೆಂಬುದು ಕೊನೆಯ ಮಾತಲ್ಲ. ತಪ್ಪು ಮಾಡಿದ ವಿದ್ಯಾರ್ಥಿಯನ್ನು ತಿದ್ದಬೇಕೇ, ತೊರೆಯಬೇಕೇ ಎಂಬ ಪ್ರಶ್ನೆ ಎದುರಾದಾಗ ಅಧ್ಯಾಪಕರು ಈ ನಿದರ್ಶನವನ್ನು ನೆನೆಯಬಹುದು.

ಶಾಲೆಗೆ ಹೋದವರೆಲ್ಲ ಸನ್ಮಾರ್ಗಿಗಳು, ಎಳವೆಯಲ್ಲಿಯೇ ಆಟಕ್ಕೆ ತೊಡಗಿದವರೆಲ್ಲ ದುರ್ಮಾರ್ಗಿಗಳು ಎಂಬ ಸುಲಭ ತೀರ್ಮಾನಕ್ಕೆ ಇಲ್ಲಿ ಆಸ್ಪದವಿಲ್ಲ. ಚೀನಾದ ನೂರಾರು ಎಳೆಯ ಆಟಗಾರರು ಪ್ರಾಮಾಣಿಕವಾಗಿ ದುಡಿದು ಬೆಳಕಿಗೆ ಬಂದಿದ್ದಾರೆ, ಪದವೀಧರರಲ್ಲಿಯೂ ವಂಚಕರಿದ್ದಾರೆ. ಹೇಳಬೇಕಾದುದು ಇಷ್ಟೆ: ಕೈಯ ಕೌಶಲವು ಹದಿನಾಲ್ಕನೆಯ ವಯಸ್ಸಿಗೆ ಪಕ್ವವಾಗಬಹುದು, ವಿವೇಕವು ಅಷ್ಟು ಬೇಗ ಪಕ್ವವಾಗದು. ಇವೆರಡರ ನಡುವಣ ಅಂತರದ ವರ್ಷಗಳಲ್ಲಿ ಮಗುವಿನ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಎಂಬುದರ ಮೇಲೆ ಅದರ ಭವಿಷ್ಯವು ಬಹುಮಟ್ಟಿಗೆ ನಿಂತಿರುತ್ತದೆ.

ಗ್ರಾಮಾಂತರ ವಿದ್ಯಾಸಂಸ್ಥೆಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಕುಸ್ತಿಯಲ್ಲಿ, ಓಟದಲ್ಲಿ, ಕಬಡ್ಡಿಯಲ್ಲಿ ಮಿಂಚುವ ಹುಡುಗ ಹುಡುಗಿಯರು ಈ ಸೀಮೆಯ ಶಾಲೆಗಳಿಂದ ದೂರದ ತರಬೇತಿ ಕೇಂದ್ರಗಳಿಗೆ ಆಯ್ಕೆಯಾಗಿ ಹೋಗುವುದುಂಟು. ಕಳುಹಿಸಿಕೊಡುವ ದಿನ ಹಾರ ಹಾಕಿ ಹರಸುವುದು ಸುಲಭ. ತಿಂಗಳಿಗೊಮ್ಮೆ ಕುಶಲ ವಿಚಾರಿಸುವುದು, ತಪ್ಪಿದ ಪಾಠಗಳನ್ನು ಕಳುಹಿಸುವುದು, ಪರೀಕ್ಷೆಗೆ ಕೂರಿಸುವುದು, ಸೋತು ಮರಳಿದಾಗಲೂ ಅದೇ ಬೆಂಚಿನಲ್ಲಿ ಸ್ಥಾನ ಕೊಡುವುದು ಇವು ಕಷ್ಟದ ಕೆಲಸಗಳು. ಇವೇ ನಿಜವಾದ ಬೇಲಿ. ದಾನಿಗಳು ಬಹುಮಾನದ ಬಟ್ಟಲಿಗೆ ಕೊಡುವ ಹಣದ ಒಂದು ಪಾಲನ್ನು ಇಂಥ ಮಗುವಿನ ಪ್ರಯಾಣಕ್ಕೆ, ಪುಸ್ತಕಕ್ಕೆ, ಸಮರ್ಥ ಶಿಕ್ಷಕನೊಬ್ಬನ ಭೇಟಿಗೆ ಮೀಸಲಿಟ್ಟರೆ ಅದು ಸಾರ್ಥಕವಾದೀತು. ಹಳೆಯ ವಿದ್ಯಾರ್ಥಿಗಳು ತಾವು ನೆಲೆಸಿರುವ ನಗರಗಳಿಗೆ ಬಂದ ಊರಿನ ಎಳೆಯರಿಗೆ ಅಣ್ಣನಂತೆ, ಅಕ್ಕನಂತೆ ಆಸರೆಯಾದರೆ, ಪರಸ್ಥಳದಲ್ಲಿ ಕೆಟ್ಟ ಅಣ್ಣನ ಕೈಗೆ ಸಿಲುಕುವ ಅಪಾಯ ಅಷ್ಟರಮಟ್ಟಿಗೆ ತಪ್ಪುತ್ತದೆ. ಗೆದ್ದ ಮಗುವನ್ನು ಹುಡುಕಿಕೊಂಡು ಜಗತ್ತೇ ಬರುತ್ತದೆ; ಸೋತ ಮಗುವಿಗೆ ಬಾಗಿಲು ತೆರೆದಿಡಬೇಕಾದುದು ಅದರ ಶಾಲೆ.